ಗ್ಯಾರೇಜ್ ಕಟ್ಟೆ: ಹೊಸ ಬ್ರೇಕ್ ಯಾಕೆ ಕೂಗುತ್ತದೆ?

ಈ ಸಲದ ಪತ್ರಗಳಲ್ಲಿ ಬ್ರೇಕ್‌ನದ್ದೇ ಜಾಸ್ತಿ. ಮಳೆಗಾಲ ಅಲ್ವಾ, ಸರ್ವೀಸ್‌ಗೆ ಬಿಟ್ಟವರೆಲ್ಲ ಪ್ಯಾಡ್ ಬದಲಿಸಿಕೊಂಡು ಬಂದಿದ್ದಾರೆ. ಏಸಿ, ಕ್ಲಚ್, ಮೈಲೇಜ್ ಬಗ್ಗೆ ಬರೆದವರು ಬೇಜಾರು ಮಾಡಿಕೊಳ್ಳಬೇಡಿ. ಮುಂದಿನ ಸಂಚಿಕೆಗೆ ತೆಗೆದಿಟ್ಟಿದ್ದೇನೆ.

ಪ್ರಶ್ನೆ: ನನ್ನದು ಏಳು ವರ್ಷದ ಪೆಟ್ರೋಲ್ ಕಾರು, 64,000 ಕಿ.ಮೀ. ಓಡಿದೆ. ಹೋದ ವಾರ ಮುಂದಿನ ಎರಡೂ ಚಕ್ರಗಳಿಗೆ ಹೊಸ ಬ್ರೇಕ್ ಪ್ಯಾಡ್, ಹೊಸ ಡಿಸ್ಕ್ ಹಾಕಿಸಿದೆ. ಮುಂಚೆ ಸದ್ದೇ ಇರಲಿಲ್ಲ. ಈಗ ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ನಿಧಾನಕ್ಕೆ ಹೋಗುವಾಗ 'ಸರ್ರ್ ಸರ್ರ್' ಅನ್ನುತ್ತದೆ. ಸಿಗ್ನಲ್‌ನಲ್ಲಿ ನಿಲ್ಲುವಾಗ ಕೊನೆಯ ಎರಡು ಮೂರು ಅಡಿಯಲ್ಲಿ 'ಕೀಂಯ್' ಅಂತ ಕೂಗುತ್ತದೆ. ಪಕ್ಕದ ಆಟೋದವರು ತಿರುಗಿ ನೋಡುತ್ತಾರೆ. ಮೆಕ್ಯಾನಿಕ್ 'ಓಡಿಸ್ತಾ ಓಡಿಸ್ತಾ ಸರಿಹೋಗುತ್ತೆ ಸಾರ್' ಅಂತಾನೆ. ನಂಬಬಹುದಾ? ಎಷ್ಟು ದಿನ ಕಾಯಬೇಕು?
— ವಿಜಯನಗರದ ಓದುಗರು

ಉತ್ತರ: ಅರ್ಧ ನಂಬಿ. 'ಸರ್ರ್' ಓಡಿಸುತ್ತಾ ಸರಿಹೋಗುತ್ತದೆ. 'ಕೀಂಯ್' ಹೋಗಲೂಬಹುದು, ಹೋಗದೆಯೂ ಇರಬಹುದು. ಅದು ಪ್ಯಾಡ್ ಹಾಕಿದ ಕೈಯ ಮೇಲೆ ನಿಂತಿದೆ.

ಮೊದಲು 'ಸರ್ರ್' ನೋಡೋಣ. ಹೊಸ ಡಿಸ್ಕ್ ಮೇಲೆ ಫ್ಯಾಕ್ಟರಿಯ ಲೇತ್ ಬಿಟ್ಟ ಸಣ್ಣ ಸಣ್ಣ ಗೆರೆಗಳಿರುತ್ತವೆ. ಉಗುರು ಎಳೆದರೆ ಗೊತ್ತಾಗುತ್ತದೆ. ಹೊಸ ಪ್ಯಾಡ್‌ನ ಮೈ ಕೂಡ ಪೂರ್ತಿ ಸಮತಟ್ಟಾಗಿರುವುದಿಲ್ಲ. ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ಡಿಸ್ಕ್‌ಗೆ ತಾಗುತ್ತಿರುತ್ತದೆ. ಎರಡೂ ಉಜ್ಜಿ ಉಜ್ಜಿ ಒಂದಕ್ಕೊಂದು ಹೊಂದುವವರೆಗೆ ಸದ್ದು ಬಂದೇ ಬರುತ್ತದೆ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ಡ್ರಮ್ ಬ್ರೇಕ್‌ನಲ್ಲಿ ಲೈನರ್‌ಗಳನ್ನು ಹಿಂದಕ್ಕೆ ಎಳೆಯಲು ಸ್ಪ್ರಿಂಗ್ ಇರುತ್ತದೆ. ಸಾಮಾನ್ಯ ಡಿಸ್ಕ್ ಬ್ರೇಕ್‌ನಲ್ಲಿ ಆ ಕೆಲಸ ಪ್ಯಾಡನ್ನು ಒತ್ತುವ ಪಿಸ್ಟನ್ ಸುತ್ತ ಇರುವ ಒಂದು ರಬ್ಬರ್ ಸೀಲ್‌ನದ್ದು. ಪೆಡಲ್ ಬಿಟ್ಟಾಗ ಅದು ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತದೆ, ಅಷ್ಟೇ. ಹಾಗಾಗಿ ಪ್ಯಾಡ್ ಯಾವಾಗಲೂ ಡಿಸ್ಕ್ ಪಕ್ಕದಲ್ಲೇ, ಹೆಚ್ಚುಕಮ್ಮಿ ತಾಗಿಕೊಂಡೇ ಇರುತ್ತದೆ. ಬೇಸ್‌ಮೆಂಟ್‌ನ ಗೋಡೆಗಳ ನಡುವೆ ಕಿಟಕಿ ಇಳಿಸಿಕೊಂಡು ಹೋದರೆ ಹಳೇ ಬ್ರೇಕ್‌ನಲ್ಲೂ ಅದು ಸ್ವಲ್ಪ ಕೇಳಿಸುತ್ತದೆ. ಹೊಸದು ಹಾಕಿಸಿದ ಮೇಲೆ ನಿಮ್ಮ ಕಿವಿ ಕೂಡ ಚುರುಕಾಗಿರುತ್ತದೆ.

ಈಗ 'ಕೀಂಯ್'. ಕರಿಹಲಗೆ ಮೇಲೆ ಸೀಮೆಸುಣ್ಣವನ್ನು ನೆಟ್ಟಗೆ ಹಿಡಿದು ಎಳೆದರೆ ಕಿರ್ರೋ ಅನ್ನುತ್ತದೆ, ಸ್ವಲ್ಪ ಓರೆ ಮಾಡಿದರೆ ಸುಮ್ಮನಾಗುತ್ತದೆ. ನೆನಪಿದೆಯಾ? ಇಲ್ಲೂ ಅದೇ ನಡೆಯುತ್ತದೆ. ಪ್ಯಾಡ್ ಡಿಸ್ಕನ್ನು ಹಿಡಿಯುತ್ತದೆ, ಜಾರುತ್ತದೆ, ಮತ್ತೆ ಹಿಡಿಯುತ್ತದೆ. ಸೆಕೆಂಡಿಗೆ ಸಾವಿರಾರು ಸಲ. ಪ್ಯಾಡ್, ಪ್ಯಾಡ್‌ಗಳನ್ನು ಹಿಡಿದು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್, ಡಿಸ್ಕ್ ಮೂರೂ ಸೇರಿ ನಡುಗುತ್ತವೆ. ಕಾರು ನಿಲ್ಲುವ ಕೊನೇ ಗಳಿಗೆಯಲ್ಲಿ ಇದು ಜಾಸ್ತಿ.

ಇದು ಇವತ್ತಿನ ಗೋಳಲ್ಲ ಬಿಡಿ. 1902ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಕಾರಿನ ಡಿಸ್ಕ್ ಬ್ರೇಕ್‌ಗೆ ಪೇಟೆಂಟ್ ಪಡೆದಾಗ ಪ್ಯಾಡ್ ತಾಮ್ರದ್ದಾಗಿತ್ತು. ಲೋಹಕ್ಕೆ ಲೋಹ ಉಜ್ಜಿದರೆ ಇನ್ನೇನಾಗುತ್ತದೆ? ಆ ಬ್ರೇಕ್ ಹೆಸರಾಗಿದ್ದೇ ಕಿರಿಚಾಟಕ್ಕೆ.

ಈ ನಡುಕವನ್ನು ಹೀರಿಕೊಳ್ಳುವುದಕ್ಕೇ ಪ್ಯಾಡ್ ಹಿಂದೆ ತೆಳು ತಗಡಿನ ಶಿಮ್ ಇರುತ್ತದೆ. ಪ್ಯಾಡ್‌ನ ಎರಡು ಕಿವಿಗಳು ಕೂರುವ ಜಾಗದಲ್ಲಿ ಸ್ಟೀಲ್ ಕ್ಲಿಪ್ ಇರುತ್ತವೆ. ಕ್ಯಾಲಿಪರ್ ಆಚೀಚೆ ಜಾರುವ ಪಿನ್‌ಗಳಿಗೆ ಗ್ರೀಸ್ ಇರುತ್ತದೆ. ಹೊರಗಿನಿಂದ ನೋಡಿದರೆ ಇವು ಯಾವುದೂ ಕಾಣುವುದಿಲ್ಲ. ಅವಸರದಲ್ಲಿ ಕೆಲಸ ಮುಗಿಸುವವರು ಬಿಡುವುದೂ ಇವನ್ನೇ. ಹಳೇ ಕ್ಲಿಪ್ಪನ್ನೇ ಮತ್ತೆ ತುರುಕುತ್ತಾರೆ, ಶಿಮ್ ಹಳೇ ಪ್ಯಾಡ್ ಜೊತೆ ಕಸಕ್ಕೆ ಹೋಗಿರುತ್ತದೆ. ಹೀಗೆ ಹಾಕಿದ ಬ್ರೇಕ್ ಎಷ್ಟು ಓಡಿಸಿದರೂ ಕೂಗುತ್ತದೆ.

ಇನ್ನೊಂದು ಕಾರಣ ಎಣ್ಣೆ. ಹೊಸ ಡಿಸ್ಕ್ ಡಬ್ಬಿಯಿಂದ ತೆಗೆದಾಗ ತುಕ್ಕು ಹಿಡಿಯದಿರಲಿ ಅಂತ ಅದಕ್ಕೆ ಎಣ್ಣೆ ಸವರಿರುತ್ತಾರೆ. ನಮ್ಮ ಬನಶಂಕರಿ ಗ್ಯಾರೇಜಿನಲ್ಲಿ ಹೊಸ ಹುಡುಗ ಬಂದರೆ ಮೊದಲು ಹೇಳಿಕೊಡುವುದು ಇದನ್ನೇ. ಬ್ರೇಕ್ ಕ್ಲೀನರ್ ಹೊಡೆದು ಬಿಳಿ ಬನಿಯನ್ ಬಟ್ಟೆಯಿಂದ ಒರೆಸು. ಮೊದಲ ಸಲ ಬಟ್ಟೆ ಕಂದು ಬಣ್ಣಕ್ಕೆ ತಿರುಗುತ್ತದೆ. ಇನ್ನೊಂದು ಮಗ್ಗುಲು ಮಡಚಿ ಒರೆಸು. ಬಟ್ಟೆ ಬೆಳ್ಳಗೇ ಉಳಿಯುವ ತನಕ ಬಿಡಬೇಡ. ಕ್ಲೀನರ್ ಇಲ್ಲದಿದ್ದರೆ ಬಿಸಿನೀರು, ಪಾತ್ರೆ ತೊಳೆಯುವ ಸೋಪು ಸಾಕು. ತೊಳೆದು ತಕ್ಷಣ ಒಣಗಿಸಬೇಕು. (ಬಿಡಿಭಾಗ ತಯಾರಕರು ಕೆಲವು ಡಿಸ್ಕ್‌ಗಳಿಗೆ ಬೂದು ಬಣ್ಣದ ಲೇಪ ಕೊಟ್ಟಿರುತ್ತಾರೆ. ಅದನ್ನು ತೆಗೆಯಬೇಕಿಲ್ಲ, ಒಂದಿಷ್ಟು ಬ್ರೇಕ್ ಹಿಡಿದರೆ ತಾನೇ ಸವೆಯುತ್ತದೆ.) ಒರೆಸದೆ ಹಾಕಿದರೆ ಆ ಎಣ್ಣೆ ಪ್ಯಾಡ್ ಒಳಗೆ ಇಳಿಯುತ್ತದೆ. ಆಮೇಲೆ ಪ್ಯಾಡ್ ಕೂಗುವುದಷ್ಟೇ ಅಲ್ಲ, ಹಿಡಿಯುವುದೂ ಕಮ್ಮಿ.

ಎಷ್ಟು ಕಾಯಬೇಕು ಅಂದಿರಿ. 200ರಿಂದ 300 ಕಿ.ಮೀ. ಕೊಡಿ. ಅಷ್ಟರೊಳಗೆ ಸದ್ದು ದಿನದಿನಕ್ಕೆ ಇಳಿಯುತ್ತಾ ಬರಬೇಕು. ಇಳಿಯದಿದ್ದರೆ ಗ್ಯಾರೇಜಿಗೆ ಹೋಗಿ ಮೂರೇ ಪ್ರಶ್ನೆ ಕೇಳಿ: ಕ್ಲಿಪ್, ಶಿಮ್ ಹೊಸದಾ? ಪಿನ್‌ಗೆ ಯಾವ ಗ್ರೀಸ್? ಡಿಸ್ಕ್ ಒರೆಸಿ ಹಾಕಿದ್ದಾ? ಪಿನ್‌ಗೆ ಬಿಸಿ ತಡೆಯುವ ಬ್ರೇಕ್ ಗ್ರೀಸೇ ಬೇಕು. ಬೇರಿಂಗ್‌ಗೆ ಹಾಕುವ ಗ್ರೀಸ್ ಹಚ್ಚಿದರೆ ಅಲ್ಲಿನ ರಬ್ಬರ್ ಊದಿಕೊಂಡು ಪಿನ್ ಸಿಕ್ಕಿಹಾಕಿಕೊಳ್ಳುತ್ತದೆ.

ಆದರೆ ಕೆಲವಕ್ಕೆ ಒಂದು ದಿನವೂ ಕಾಯಬಾರದು. ಕಬ್ಬಿಣ ಅರೆದಂತೆ 'ಗರಗರ' ಸದ್ದು, ಬ್ರೇಕ್ ಹಿಡಿದಾಗ ಕಾರು ಒಂದು ಪಕ್ಕಕ್ಕೆ ಎಳೆಯುವುದು, ಪೆಡಲ್ ಮೆತ್ತಗಾಗುವುದು, ಬ್ರೇಕ್ ಆಯಿಲ್ ಇಳಿಯುವುದು. ಹಾಗೇ, ಒಂದರ್ಧ ಗಂಟೆ ಓಡಿಸಿ ನಿಲ್ಲಿಸಿದ ಮೇಲೆ ಮುಂದಿನ ಎರಡೂ ಚಕ್ರಗಳ ಹತ್ತಿರ ಕೈ ಹಿಡಿದು ನೋಡಿ. ಮುಟ್ಟಬೇಡಿ, ಹತ್ತಿರ ಸಾಕು. ಒಂದು ಕಡೆ ಮಾತ್ರ ವಿಪರೀತ ಬಿಸಿ ಬಂದರೆ ಆ ಕಡೆಯ ಕ್ಯಾಲಿಪರ್ ಸಿಕ್ಕಿಕೊಂಡಿದೆ ಅಂತಲೇ ತಿಳಿಯಿರಿ.

ಮೆಕ್ಯಾನಿಕ್ ಹತ್ತಿರ ಹೋದಾಗ 'ಸೌಂಡ್ ಬರ್ತಿದೆ' ಅಂತ ಮಾತ್ರ ಹೇಳಬೇಡಿ. ಯಾವ ಸ್ಪೀಡಿನಲ್ಲಿ? ಪೆಡಲ್ ಒತ್ತಿದಾಗಲಾ, ಬಿಟ್ಟಾಗಲಾ? ಬೆಳಗ್ಗೆ ಮೊದಲ ಸಲವಾ, ಬಿಸಿಯಾದ ಮೇಲಾ? ಚಕ್ರ ಸುತ್ತಿದಂತೆ ಬಿಟ್ಟು ಬಿಟ್ಟು ಬರುತ್ತದಾ, ಒಂದೇ ಸಮನೆಯಾ? ನಿಮ್ಮ ಪತ್ರದಲ್ಲಿ ಇದರಲ್ಲಿ ಅರ್ಧ ಇತ್ತು, ಅದಕ್ಕೇ ಇಷ್ಟು ಬರೆಯಲು ಆಯಿತು.

ಪ್ರಶ್ನೆ: ಹೊಸ ಪ್ಯಾಡ್ ಡಬ್ಬಿಯಲ್ಲಿ ಒಂದು ಚೀಟಿ ಇತ್ತು. 60 ಕಿ.ಮೀ. ವೇಗದಿಂದ 10ಕ್ಕೆ ಇಳಿಸಿ, ಹತ್ತು ಸಲ ಮಾಡಿ, ನಡುವೆ ಪೂರ್ತಿ ನಿಲ್ಲಿಸಬೇಡಿ ಅಂತ. ಬೆಂಗಳೂರಿನಲ್ಲಿ ನಿಲ್ಲಿಸದೆ ಎಲ್ಲಿ ಓಡಿಸುವುದು ಸ್ವಾಮಿ? ಇದನ್ನು ಮಾಡಲೇಬೇಕಾ?
— ಕೆಂಗೇರಿ ಉಪನಗರದ ಓದುಗರು

ಉತ್ತರ: ಕೆಂಗೇರಿಯವರು ನೀವೇ ಹೀಗಂದರೆ ಸಿಲ್ಕ್ ಬೋರ್ಡ್ ಕಡೆಯವರು ಏನು ಹೇಳಬೇಕು!

ಚೀಟಿ ಸುಮ್ನೆ ಹಾಕಿದ್ದಲ್ಲ. ಬ್ರೇಕ್ ಚೆನ್ನಾಗಿ ಹಿಡಿಯಬೇಕಾದರೆ ಪ್ಯಾಡ್‌ನ ಪದಾರ್ಥ ತೆಳ್ಳಗೆ, ಒಂದೇ ಸಮನಾಗಿ ಡಿಸ್ಕ್ ಮೇಲೆ ಮೆತ್ತಿಕೊಳ್ಳಬೇಕು. ಅದಕ್ಕೆ ಬಿಸಿ ಬೇಕು, ಆದರೆ ಹಂತಹಂತವಾಗಿ. ಗ್ಯಾರೇಜಿನವರು ಹೊಸ ಭಾಗ ಕೂರಿಸಿ ಒಂದು ರೌಂಡ್ ಹೊಡೆದು ಕೀ ಕೊಡುತ್ತಾರೆ. ಉಳಿದ ಕೆಲಸ ಓಡಿಸುವವರದ್ದು. ಹಾಗಂತ ಬಾಯಿಬಿಟ್ಟು ಹೇಳುವ ಗ್ಯಾರೇಜ್ ಕಮ್ಮಿ.

ನಮ್ಮೂರಿನ ಟ್ರಾಫಿಕ್ ಇದಕ್ಕೆ ಎರಡು ರೀತಿ ಅಡ್ಡ ಬರುತ್ತದೆ. ಹತ್ತು ಹದಿನೈದು ಕಿ.ಮೀ. ವೇಗದಲ್ಲಿ ಮುಟ್ಟಿ ಮುಟ್ಟಿ ಬಿಟ್ಟರೆ ಬೇಕಾದಷ್ಟು ಬಿಸಿ ಬರುವುದಿಲ್ಲ. ಯಾವಾಗಲೋ ಫ್ಲೈಓವರ್ ಇಳಿಜಾರಿನಲ್ಲಿ ಜೋರಾಗಿ ಬಂದು, ಬಿಸಿ ಡಿಸ್ಕ್ ಮೇಲೆ ಪೆಡಲ್ ಒತ್ತಿ ಹಿಡಿದು ಸಿಗ್ನಲ್‌ನಲ್ಲಿ ನಿಂತರೆ, ಪ್ಯಾಡ್ ಇದ್ದ ಜಾಗದಲ್ಲಿ ಮಾತ್ರ ಪದಾರ್ಥ ದಪ್ಪಗೆ ಅಂಟುತ್ತದೆ. ಆಮೇಲೆ ಪ್ರತಿ ಸುತ್ತಿಗೂ ಆ ಜಾಗ ಬಂದಾಗ ಪೆಡಲ್ ಕೆಳಗೆ ಒದೆಯುತ್ತದೆ. 'ಪೂರ್ತಿ ನಿಲ್ಲಿಸಬೇಡಿ' ಅನ್ನುವುದು ಇದಕ್ಕೇ.

ಜಾಗ ಹೇಳುತ್ತೇನೆ. ನೈಸ್ ರಸ್ತೆ, ಮೈಸೂರು ಎಕ್ಸ್‌ಪ್ರೆಸ್‌ವೇ ಖಂಡಿತ ಬೇಡ. ಹಿಂದೆ ಬರುವ ಲಾರಿಯವನಿಗೆ ನೀವು ಯಾಕೆ ಸುಮ್ಮಸುಮ್ಮನೆ ಹತ್ತಕ್ಕೆ ಇಳಿಸುತ್ತಿದ್ದೀರಿ ಅಂತ ಗೊತ್ತಾಗುವುದಿಲ್ಲ. ಭಾನುವಾರ ಬೆಳಕು ಹರಿದ ಮೇಲೆ ಬಿಡದಿ ಅಥವಾ ಹಾರೋಹಳ್ಳಿಯ ಕೈಗಾರಿಕಾ ಪ್ರದೇಶದ ಒಳರಸ್ತೆಗಳಿಗೆ ಹೋಗಿ. ವಾರದ ದಿನ ಅಲ್ಲಿ ಲಾರಿಗಳ ಜಾತ್ರೆ, ಭಾನುವಾರ ನಾಯಿಗಳೇ ಯಜಮಾನರು. ಮೊದಲು ಒಂದು ಸಲ ಪೂರ್ತಿ ರಸ್ತೆ ಸುತ್ತಿ ಹಂಪ್ ಎಲ್ಲಿದೆ, ಗುಂಡಿ ಎಲ್ಲಿದೆ ನೋಡಿಕೊಳ್ಳಿ. ಹಿಂದೆ ಯಾರೂ ಇಲ್ಲ ಅಂತ ಕನ್ನಡಿಯಲ್ಲಿ ಖಾತ್ರಿ ಮಾಡಿಕೊಂಡೇ ಪ್ರತಿ ಸಲ ಶುರು ಮಾಡಿ. ಕಾರಿನೊಳಗೆ ಸಾಮಾನು ಸಡಿಲವಾಗಿ ಇರಬಾರದು.

60ಕ್ಕೆ ಹೋಗಿ, ಪೆಡಲ್ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಒತ್ತಿ 10ಕ್ಕೆ ಇಳಿಸಿ. ಎಬಿಎಸ್ ಕೆಲಸ ಶುರು ಮಾಡುವಷ್ಟು ಜೋರು ಬೇಡ. ಪೆಡಲ್ ಬಿಟ್ಟು ಮತ್ತೆ ನಿಧಾನಕ್ಕೆ ವೇಗ ಹಿಡಿಯಿರಿ. ಅರ್ಧ ನಿಮಿಷ ಗಾಳಿ ಆಡಲಿ. ಮತ್ತೆ ಒತ್ತಿ. ಆರೇಳು ಸಲ ಆಗುವಾಗ ಸುಟ್ಟ ವಾಸನೆ ಬರುತ್ತದೆ. ಗಾಬರಿ ಬೇಡ. ಹತ್ತು ಮುಗಿದ ಮೇಲೆ ಎಷ್ಟು ಸಾಧ್ಯವೋ ಅಷ್ಟು ಬ್ರೇಕ್ ಮುಟ್ಟದೆ ಹತ್ತು ನಿಮಿಷ ಓಡಿಸಿ ತಣ್ಣಗಾಗಲು ಬಿಡಿ. ಆಮೇಲೆ ಚಕ್ರದ ಸಂದಿಯಿಂದ ಡಿಸ್ಕ್ ನೋಡಿ. ಮೊದಲಿದ್ದ ಬೆಳ್ಳಿ ಹೊಳಪು ಹೋಗಿ ಒಂದೇ ಸಮನಾದ ಬೂದು ಬಣ್ಣ ಬಂದಿದ್ದರೆ ಕೆಲಸ ಆಯಿತು.

ನಿಮ್ಮ ಡಬ್ಬಿಯ ಚೀಟಿಯಲ್ಲಿ ಹೇಗಿದೆಯೋ ಹಾಗೆ ಮಾಡಿ. ಕಂಪನಿಯಿಂದ ಕಂಪನಿಗೆ ಸಂಖ್ಯೆ ಬದಲಾಗುತ್ತದೆ. ಮಾಡಲು ಆಗಲೇ ಇಲ್ಲ ಅಂದರೆ? ಸಾಮಾನ್ಯ ಪ್ಯಾಡ್‌ಗಳು 300 ಕಿ.ಮೀ. ಮೆತ್ತಗೆ ಓಡಿಸಿದರೂ ಹೊಂದಿಕೊಳ್ಳುತ್ತವೆ. ಅಲ್ಲಿಯವರೆಗೆ ಮುಂದಿನ ಗಾಡಿಯಿಂದ ಜಾಸ್ತಿ ಅಂತರ ಇಡಿ. ಹೊಸ ಬ್ರೇಕ್ ಮೊದಲ ದಿನ ಹಳೆಯದಕ್ಕಿಂತ ಕಮ್ಮಿ ಹಿಡಿಯಬಹುದು. ಇದನ್ನು ಮನೆಯಲ್ಲಿ ಆ ಕಾರು ಓಡಿಸುವ ಎಲ್ಲರಿಗೂ ಹೇಳಿ.

ಪ್ರಶ್ನೆ: ರಾತ್ರಿ ಮಳೆ ಬಂದರೆ ಬೆಳಗ್ಗೆ ಕಾರು ತೆಗೆದ ಕೂಡಲೇ ಬ್ರೇಕ್ 'ಖರ್' ಅನ್ನುತ್ತದೆ. ಗೇಟ್ ದಾಟಿ ಮುಖ್ಯರಸ್ತೆಗೆ ಬರುವಷ್ಟರಲ್ಲಿ ನಿಲ್ಲುತ್ತದೆ. ಡಿಸ್ಕ್ ಹಾಕಿಸಿ ತಿಂಗಳಾಗಿಲ್ಲ. ಕಳಪೆ ಮಾಲು ಕೊಟ್ಟರಾ?
— ಮಲ್ಲೇಶ್ವರದ ಓದುಗರು

ಉತ್ತರ: ಇಲ್ಲ. ಡಿಸ್ಕ್ ಬೀಡುಕಬ್ಬಿಣದ್ದು, ನೀರು ಬಿದ್ದರೆ ಒಂದೇ ರಾತ್ರಿಯಲ್ಲಿ ಕೆಂಪಗಾಗುತ್ತದೆ. ನಾಲ್ಕೈದು ಸಲ ಬ್ರೇಕ್ ಹಿಡಿದರೆ ಪ್ಯಾಡೇ ಕೆರೆದು ತೆಗೆಯುತ್ತದೆ. ಕಾರು ತೊಳೆದ ದಿನ ಸಂಜೆ ಹಾಗೇ ನಿಲ್ಲಿಸದೆ ಒಂದು ರೌಂಡ್ ಹೋಗಿಬನ್ನಿ. ವಾರಗಟ್ಟಲೆ ಊರಿಗೆ ಹೋಗಿ ಬಂದ ಮೇಲೂ ಈ ಸದ್ದು ಹೋಗದಿದ್ದರೆ ಆಗ ತೋರಿಸಿ.

ಪ್ರಶ್ನೆ: ಮುಂದಿನ ಡಿಸ್ಕ್, ಪ್ಯಾಡ್ ಹಾಕಿಸಿ ನಾಲ್ಕು ತಿಂಗಳಾಯಿತು. ಶುರುವಿನಲ್ಲಿ ಬೆಣ್ಣೆಯಂತಿತ್ತು. ಈಗ ಏರ್‌ಪೋರ್ಟ್ ರಸ್ತೆಯಲ್ಲಿ 80ರಲ್ಲಿ ಬ್ರೇಕ್ ಒತ್ತಿದರೆ ಸ್ಟೀರಿಂಗ್ ನಡುಗುತ್ತದೆ. 'ಡಿಸ್ಕ್ ಬೆಂಡ್ ಆಗಿದೆ, ಮತ್ತೆ ಹೊಸದು ಹಾಕಬೇಕು' ಅಂತಾರೆ.
— ಯಲಹಂಕದ ಓದುಗರು

ಉತ್ತರ: ಮತ್ತೆ ದುಡ್ಡು ಬಿಚ್ಚಬೇಡಿ, ಸ್ವಲ್ಪ ತಾಳಿ. ಎಲ್ಲರೂ 'ಬೆಂಡ್' ಅಂತಾರೆ. ಸಾಮಾನ್ಯವಾಗಿ ಅದು ಬಾಗಿರುವುದಿಲ್ಲ, ಸುತ್ತಲೂ ದಪ್ಪದಲ್ಲಿ ವ್ಯತ್ಯಾಸ ಬಂದಿರುತ್ತದೆ. ಮಿಲಿಮೀಟರ್‌ನ ನೂರನೇ ಒಂದೆರಡು ಭಾಗ ಅಷ್ಟೇ. ನಿಮ್ಮ ಕೈಗೆ ಗೊತ್ತಾಗಲು ಅಷ್ಟು ಸಾಕು.

ಇದು ನಾಲ್ಕು ತಿಂಗಳ ಹಿಂದೆ, ಡಿಸ್ಕ್ ಹಾಕಿದ ದಿನವೇ ಶುರುವಾಗಿರುವ ಸಾಧ್ಯತೆ ಜಾಸ್ತಿ. ಡಿಸ್ಕ್ ಕೂರುವ ಹಬ್‌ನ ಮುಖ ನೋಡಬೇಕು ನೀವು. ಹಳೇ ಡಿಸ್ಕ್ ಅನ್ನು ಸುತ್ತಿಗೆಯಿಂದ ಬಡಿದು ತೆಗೆದಾಗ ಬೋಲ್ಟ್‌ಗಳ ಸುತ್ತ ಕಂದು ತುಕ್ಕಿನ ಹಕ್ಕಳೆ ಎದ್ದಿರುತ್ತದೆ, ನಡುವಿನ ಉಬ್ಬಿನ ಬುಡದಲ್ಲಿ ಉಂಗುರದ ಹಾಗೆ ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ತಂತಿ ಬ್ರಷ್, ಎಮರಿ ಕಾಗದ ಹಾಕಿ ಹೊಳೆಯುವ ತನಕ ತಿಕ್ಕಬೇಕು. ತಿಕ್ಕದೆ ಹೊಸ ಡಿಸ್ಕ್ ಕೂರಿಸಿದರೆ ಒಂದು ಹಕ್ಕಳೆ ಕೆಳಗೆ ಸಿಕ್ಕಿಕೊಂಡು ಡಿಸ್ಕ್ ಒಂಚೂರು ಓರೆಯಾಗಿ ಸುತ್ತುತ್ತದೆ. ಹಬ್ ಹತ್ತಿರ ಸಣ್ಣದು, ಅಂಚಿಗೆ ಬರುವಷ್ಟರಲ್ಲಿ ದೊಡ್ಡದು. ಆಗ ನೀವು ಬ್ರೇಕ್ ಮುಟ್ಟದಿದ್ದರೂ ಡಿಸ್ಕ್‌ನ ಅದೇ ಜಾಗ ಪ್ರತಿ ಸುತ್ತಿಗೂ ಪ್ಯಾಡ್‌ಗೆ ತಾಗಿ ಸವೆಯುತ್ತದೆ. ಸಾವಿರಾರು ಕಿ.ಮೀ. ಆದ ಮೇಲೆ ನಡುಕ. ಹಾಕಿದ ದಿನ ಚೆನ್ನಾಗಿದ್ದು ಆಮೇಲೆ ಕೆಟ್ಟಿದ್ದಕ್ಕೆ ಅರ್ಥ ಇದು.

ಚಕ್ರದ ನಟ್‌ಗಳನ್ನು ಏರ್ ಗನ್‌ನಲ್ಲಿ 'ಟರ್ರ್' ಅಂತ ಒಂದೊಂದನ್ನು ಒಂದೊಂದು ಬಿಗಿತಕ್ಕೆ ಹಾಕಿದರೂ ಡಿಸ್ಕ್ ಓರೆಯಾಗಬಹುದು. ನಟ್‌ಗಳನ್ನು ಎದುರುಬದುರಾಗಿ, ಕೊನೆಯ ಬಿಗಿತ ಟಾರ್ಕ್ ರೆಂಚ್‌ನಲ್ಲಿ ಹಾಕಬೇಕು. ನಿಮ್ಮ ಕಾರಿಗೆ ಎಷ್ಟು ಅಂತ ಮ್ಯಾನುಯಲ್‌ನಲ್ಲಿ ಇರುತ್ತದೆ. ಪಂಕ್ಚರ್ ಅಂಗಡಿಗೂ ಈ ಮಾತು ಸೇರುತ್ತದೆ. ನಾಲ್ಕು ತಿಂಗಳಲ್ಲಿ ನಿಮ್ಮ ಮುಂದಿನ ಟೈರ್ ಪಂಕ್ಚರ್ ಆಗಿತ್ತಾ, ನೆನಪು ಮಾಡಿಕೊಳ್ಳಿ.

ಮಾಡಬೇಕಾದ್ದು: ಡಯಲ್ ಗೇಜ್ ಇರುವ ಗ್ಯಾರೇಜ್ ಹುಡುಕಿ. ಡಿಸ್ಕ್ ಸುತ್ತುವಾಗ ಎಷ್ಟು ಆಚೀಚೆ ಆಡುತ್ತದೆ ಅಂತ ಅಳೆಸಿ. ಎಷ್ಟೋ ಕಾರುಗಳಲ್ಲಿ 0.05 ಮಿ.ಮೀ. ಸುಮಾರು ಮಿತಿ. ಜಾಸ್ತಿ ಇದ್ದರೆ ಬಿಚ್ಚಿ, ಹಬ್ ತಿಕ್ಕಿ, ಡಿಸ್ಕ್ ಅನ್ನು ಒಂದು ಬೋಲ್ಟ್ ರಂಧ್ರದಷ್ಟು ತಿರುಗಿಸಿ ಕೂರಿಸಿ ಮತ್ತೆ ಅಳೆಯಲಿ. ಆಮೇಲೂ ನಡುಕ ಇದ್ದರೆ ಎರಡೂ ಡಿಸ್ಕ್ ಲೇತ್‌ಗೆ ಕೊಡಬಹುದು, ದಪ್ಪ ಉಳಿದಿದ್ದರೆ ಮಾತ್ರ. ಹಬ್ ನೋಡದೆ ಇನ್ನೊಂದು ಹೊಸ ಡಿಸ್ಕ್ ಹಾಕಿಸಿದರೆ ಇನ್ನು ನಾಲ್ಕು ತಿಂಗಳಿಗೆ ನನಗೆ ಮತ್ತೆ ಪತ್ರ ಬರೆಯುತ್ತೀರಿ.

ಪ್ರಶ್ನೆ: ಬ್ರೇಕ್ ಕೂಗಿದರೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ನಿಲ್ಲುತ್ತದೆ ಅಂತ ಪಕ್ಕದ ಮನೆಯವರು ಹೇಳಿದರು. ಹೊಡೆಯಲಾ?
— ಜಯನಗರದ ಓದುಗರು

ಉತ್ತರ: ಬೇಡವೇ ಬೇಡ. ಸದ್ದೂ ನಿಲ್ಲುತ್ತದೆ, ಬ್ರೇಕ್ ಹಿಡಿಯುವುದೂ ನಿಲ್ಲುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಆಗಲೇ ಹೊಡೆದಿದ್ದರೆ ಕಾರು ಓಡಿಸಬೇಡಿ, ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿ. ಎಣ್ಣೆ ಕುಡಿದ ಪ್ಯಾಡ್ ಎಸೆಯಲೇಬೇಕು. ಬ್ರೇಕ್ ಗ್ರೀಸ್ ಹಚ್ಚುವುದು ಪ್ಯಾಡ್‌ನ ಬೆನ್ನಿಗೆ, ಕಿವಿಗೆ, ಅದೂ ತೆಳ್ಳಗೆ. ಮುಖಕ್ಕೆ ಯಾವತ್ತೂ ಇಲ್ಲ.

ಇನ್ನೊಂದು ಹೇಳಿಬಿಡುತ್ತೇನೆ. ಬ್ರೇಕ್ ಧೂಳನ್ನು ಕಂಪ್ರೆಸರ್ ಗಾಳಿಯಲ್ಲಿ ಊದಿ ತೆಗೆಯಲು ಬಿಡಬೇಡಿ, ಹತ್ತಿರ ನಿಂತು ನೋಡುವುದಂತೂ ಬೇಡ. ಒದ್ದೆ ಮಾಡಿ ಒರೆಸಬೇಕು. ಆ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಪ್ರಶ್ನೆ: ಪ್ಯಾಡ್ ಮಾತ್ರ ಬದಲಿಸಿದರೆ ಸಾಲದಾ? ಡಿಸ್ಕ್ ಕೂಡ ಹಾಕಲೇಬೇಕು ಅಂತ ಗ್ಯಾರೇಜಿನವರ ಹಠ. ಜೆ.ಸಿ. ರಸ್ತೆಯಲ್ಲಿ ನಾನೇ ಮಾಲು ತಂದುಕೊಟ್ಟರೆ ಹೇಗೆ?
— ಬಸವನಗುಡಿಯ ಓದುಗರು

ಉತ್ತರ: ಪ್ರತಿ ಸಲ ಡಿಸ್ಕ್ ಬೇಕಿಲ್ಲ. ಡಿಸ್ಕ್‌ನ ಮೇಲೆಯೇ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಕೆತ್ತಿರುತ್ತಾರೆ. ಹೊಸದರಲ್ಲಿ 22 ಮಿ.ಮೀ. ಇದ್ದರೆ 20 ಕನಿಷ್ಠ, ಹೀಗೆ. ಹಠ ಮಾಡುವವರಿಗೆ 'ಅಳೆದು ತೋರಿಸಿ' ಅನ್ನಿ. ಮೈಕ್ರೋಮೀಟರ್‌ನಲ್ಲಿ ಅಳೆಯಬೇಕು. ಸಾದಾ ವರ್ನಿಯರ್ ಇಟ್ಟರೆ ಸವೆಯದೆ ಉಳಿದ ಅಂಚಿನ ದಂಡೆಯ ದಪ್ಪ ತೋರಿಸಿ ಮೋಸ ಮಾಡುತ್ತದೆ. ದಪ್ಪ ಇದೆ, ಆಳವಾದ ಗೀರು, ಬಿರುಕು, ನಡುಕ ಇಲ್ಲ ಅಂದರೆ ಪ್ಯಾಡ್ ಮಾತ್ರ ಸಾಕು. ಹಳೇ ಡಿಸ್ಕ್‌ಗೆ ಹೊಸ ಪ್ಯಾಡ್ ಹೊಂದಲು ಸ್ವಲ್ಪ ಜಾಸ್ತಿ ದಿನ ಹಿಡಿಯುತ್ತದೆ, ಸದ್ದೂ ಇರುತ್ತದೆ. ಬದಲಿಸುವಾಗ ಎಡ ಬಲ ಎರಡೂ ಒಟ್ಟಿಗೇ.

ಜೆ.ಸಿ. ರಸ್ತೆಯಲ್ಲಿ ಒಳ್ಳೇ ಮಾಲೂ ಇದೆ, ಒಳ್ಳೇ ಮಾಲಿನ ಡಬ್ಬಿಯಲ್ಲಿ ಬೇರೆ ಮಾಲೂ ಇದೆ. ಹಳೇ ಪ್ಯಾಡ್ ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಜೋಡಿಸಿ ನೋಡಿ. ಪಾರ್ಟ್ ನಂಬರ್ ಮ್ಯಾನುಯಲ್‌ಗೆ ತಾಳೆಯಾಗಬೇಕು. ಜಿಎಸ್‌ಟಿ ಬಿಲ್ ಕೊಡುವ ಅಂಗಡಿಯಲ್ಲೇ ತಗೊಳ್ಳಿ. ಡಬ್ಬಿಯಲ್ಲಿ ಕ್ಲಿಪ್ ಬಂದಿದೆಯಾ ಅಂತ ಅಲ್ಲೇ ತೆರೆದು ನೋಡಿ, ಇಲ್ಲದಿದ್ದರೆ ಬೇರೆ ಕೊಳ್ಳಿ. ಆದರೆ ಮಾಲು ನೀವು ತಂದರೆ, ನಾಳೆ ಸದ್ದು ಬಂದಾಗ ಗ್ಯಾರೇಜಿನವರು ಮಾಲಿನ ಕಡೆ ಬೆರಳು ತೋರಿಸುತ್ತಾರೆ, ಅಂಗಡಿಯವರು ಗ್ಯಾರೇಜಿನ ಕಡೆ. ಉಳಿಯುವ ಕೆಲವು ನೂರು ರೂಪಾಯಿಗೆ ಈ ಓಡಾಟ ಬೇಕಾ ಅಂತ ನೀವೇ ಯೋಚಿಸಿ. ನನ್ನ ಕೇಳಿದರೆ ಬ್ರೇಕ್ ವಿಷಯದಲ್ಲಿ ಬೇಡ.

ಪ್ರಶ್ನೆ: ಶನಿವಾರ ಸಂಜೆ ಪ್ಯಾಡ್, ಡಿಸ್ಕ್ ಬದಲಿಸಲು ಟೈಮ್ ಕೊಟ್ಟಿದ್ದಾರೆ. ಭಾನುವಾರ ಬೆಳಗ್ಗೆ ನೆಂಟರ ಜೊತೆ ನಂದಿ ಬೆಟ್ಟಕ್ಕೆ ಹೋಗಬಹುದಾ?
— ಸಹಕಾರನಗರದ ಓದುಗರು

ಉತ್ತರ: ಹೊಸ ಬ್ರೇಕ್‌ನ ಮೊದಲ ಪರೀಕ್ಷೆ 1,478 ಮೀಟರ್ ಎತ್ತರದಿಂದ ಕೆಳಗೆ, ಐದು ಜನರನ್ನು ತುಂಬಿಕೊಂಡು, ತಿರುವು ತಿರುವಿಗೂ ಪೆಡಲ್ ಒತ್ತುತ್ತಾ! ಬೇಡ. ಹೊಂದಿಕೊಳ್ಳದ ಪ್ಯಾಡ್ ಇಳಿಜಾರಿನಲ್ಲಿ ಬೇಗ ಕಾಯುತ್ತದೆ, ಕಾದ ಪ್ಯಾಡ್ ಜಾರುತ್ತದೆ. ಬದಲಾವಣೆಯನ್ನು ಹಿಂದಿನ ಸೋಮವಾರಕ್ಕೆ ಹಾಕಿಸಿಕೊಂಡು ವಾರವಿಡೀ ಆಫೀಸಿಗೆ ಅದೇ ಕಾರಿನಲ್ಲಿ ಓಡಾಡಿ. ಇಲ್ಲವೇ ನೆಂಟರ ಕಾರಿನಲ್ಲಿ ಹೋಗಿ.

ಗ್ಯಾರೇಜಿನಲ್ಲಿ ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದು ಅಂತಲೂ ಕೇಳಿ. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 4 ಗುಣಮಟ್ಟದ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಸೇರಿದ ಮೇಲಿನ ಮಿತಿ 155 ಮಾತ್ರ. ಕುದಿದರೆ ಪೈಪಿನೊಳಗೆ ಆವಿ, ಪೆಡಲ್ ನೆಲಕ್ಕೆ. ಎರಡು ವರ್ಷ ದಾಟಿದ್ದರೆ ಇದೇ ಸಲ ಬದಲಿಸಿಬಿಡಿ. ಕೀ ಕೈಗೆ ಬಂದ ಮೇಲೆ, ಕಾರು ಕದಲಿಸುವ ಮುಂಚೆ, ಪೆಡಲ್ ಗಟ್ಟಿಯಾಗುವ ತನಕ ನಾಲ್ಕೈದು ಸಲ ಒತ್ತಿ. ಪ್ಯಾಡ್ ಹಾಕುವಾಗ ಪಿಸ್ಟನ್ ಹಿಂದಕ್ಕೆ ತಳ್ಳಿರುತ್ತಾರೆ. ಮೆಕ್ಯಾನಿಕ್ ಮರೆತಿದ್ದರೆ ಮೊದಲ ಸಲ ಪೆಡಲ್ ಸೀದಾ ಒಳಗೆ ಹೋಗುತ್ತದೆ, ಎದುರಿಗೆ ಗ್ಯಾರೇಜಿನ ಗೇಟ್ ಇರುತ್ತದೆ.

ಬೆಟ್ಟಕ್ಕೆ ಹೋದ ದಿನ ಇಳಿಯುವಾಗ ಎರಡನೇ ಗೇರ್. ಆಟೋಮ್ಯಾಟಿಕ್ ಆದರೆ ಎಲ್ ಅಥವಾ ಮ್ಯಾನುಯಲ್ ಮೋಡ್. ಪೆಡಲ್ ಮೇಲೆ ಕಾಲು ಸುಮ್ಮನೆ ಇಟ್ಟುಕೊಂಡು ಬರಬೇಡಿ, ಒತ್ತಿ ವೇಗ ಇಳಿಸಿ, ಬಿಡಿ. ಕೆಳಗೆ ಎಳನೀರಿಗೆ ನಿಲ್ಲಿಸುವ ಮುಂಚೆ ಸಮತಟ್ಟು ರಸ್ತೆಯಲ್ಲಿ ಎರಡು ಮೂರು ಕಿ.ಮೀ. ಓಡಿಸಿ ಡಿಸ್ಕ್ ತಣ್ಣಗಾಗಲಿ. ನಿಲ್ಲಿಸಿದ ಮೇಲೆ ಗೇರಿನಲ್ಲಿಟ್ಟು ಪೆಡಲ್ ಮೇಲಿನ ಕಾಲು ತೆಗೆಯಿರಿ.